ಇಪ್ಪತ್ತು ಸಾವಿರದಾಗ ಎಲೆಕ್ಟ್ರಿಕ್ ಗಿಟಾರ್, ಅದೂ ರಾಯಚೂರಾಗ ಕುಂತು

ಪ್ರೋಗ್ರಾಂ ಮುಗಿದ ಮ್ಯಾಲ ಸ್ಟೇಜಿನ ಹಿಂದ ಬಂದು ಹುಡುಗ್ರು ಕೇಳೋದು ಯಾವಾಗ್ಲೂ ಇದ, ಅಣ್ಣಾ ಈ ಗಿಟಾರಿಗೆ ಎಷ್ಟು ಬಿತ್ತು, ಐವತ್ತು ಅರವತ್ತು ಸಾವಿರ ಇಲ್ಲಾಂದ್ರ ಚೊಲೋ ಎಲೆಕ್ಟ್ರಿಕ್ ಸಿಗಂಗಿಲ್ಲಂತ, ಹೌದೇನು. ಅಲ್ರಿ. ಹದಿನೈದ್ರಿಂದ ಇಪ್ಪತ್ತು ಸಾವಿರದಾಗ ವರ್ಷಗಟ್ಲೆ ಬಾರಿಸೋವಂಥ ಗಿಟಾರ್ ಸಿಗ್ತದ. ಸುಮ್ಮನ ಧೈರ್ಯಕ್ಕ ಹೇಳೋ ಮಾತಲ್ಲ ಇದು, ನಮ್ಮ ಅಕ್ಕನ ಮಗನಿಗೆ ಹಂಗ ಒಂದು ಹುಡುಕಿ ಕೊಡ್ಸೀನಿ, ಅದನ್ನ ಇಸ್ಕೊಂಡು ಹೋಗಿ ನಾನ ಜಂಬಲದಿನ್ನಿ ರಂಗಮಂದಿರದಾಗ ಬಾರಿಸೀನಿ, ಕೇಳಿದೋರು ಯಾರೂ ಇದು ಸಸ್ತಾ ಗಿಟಾರ್ ಅನ್ನಲಿಲ್ಲ. ಆದ್ರ ಹುಡುಕೋ ದಾರಿ ಗೊತ್ತಿರಬೇಕು, ಯಾಕಂದ್ರ ಅದ ರೊಕ್ಕಕ್ಕ ಕೆಟ್ಟ ಗಿಟಾರೂ ಬರ್ತದ, ಕೆಟ್ಟ ಗಿಟಾರ್ ಕೈಗೆ ಸಿಕ್ಕ ಹುಡುಗ ತನ್ನ ಬೆರಳ ಸರಿ ಇಲ್ಲ ಅನ್ಕೊಂಡು ಒಂದು ಮಳಿಗಾಲದೊಳಗ ಬಿಟ್ಟುಬಿಡ್ತಾನ. ಅಂಥೋರನ್ನ ನೋಡಿದ್ರ ನನಗ ಖರೇನ ಸಂಕಟ ಆಗ್ತದ, ಅದಕ್ಕ ಇಷ್ಟುದ್ದ ಬರೀಲಿಕತ್ತೀನಿ.

ಎಲೆಕ್ಟ್ರಿಕ್ ಗಿಟಾರ್ ಕಮ್ಮಿ ರೊಕ್ಕಕ್ಕ ಚೊಲೋದು ಸಿಗ್ಲಿಕ್ಕೆ ಒಂದು ಕಾರಣ ಅದ. ಅಕೌಸ್ಟಿಕ್ ಗಿಟಾರ್, ವೀಣೆ, ತಂಬೂರಿ ಇವುಗಳಾಗ ನಾದ ತುಂಬೋದು ಕಟ್ಟಿಗಿ ಮತ್ತ ಅದರ ಹೊಟ್ಟಿಯೊಳಗಿನ ಗಾಳಿ, ಅಲ್ಲಿ ಕಟ್ಟಿಗಿ ಕೆಟ್ಟದಿದ್ರ ಮುಚ್ಚಿಡ್ಲಿಕ್ಕೆ ಬರಂಗಿಲ್ಲ. ಎಲೆಕ್ಟ್ರಿಕ್ ಒಳಗ ಹಂಗಲ್ಲ, ಸ್ಟೀಲ್ ತಂತಿ ಅಲುಗಿದ್ರ ಅದರ ಕೆಳಗಿನ ಪಿಕಪ್ಪಿನ (ತಂತಿಯ ಅಲುಗಾಟ ಹಿಡಿಯೋ ಭಾಗ) ಮ್ಯಾಗ್ನೆಟ್ ಫೀಲ್ಡ್ ಅಲುಗ್ತದ, ಮ್ಯಾಗ್ನೆಟ್ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರ್ತಾರ, ಅದರಾಗ ಸಣ್ಣ ಕರೆಂಟ್ ಹುಟ್ತದ, ಅದು ಕೇಬಲ್ ಹಿಡ್ಕೊಂಡು ಆಂಪಿಗೆ, ಅಂದ್ರ ಸಪ್ಪಳ ದೊಡ್ಡದು ಮಾಡೋ ಡಬ್ಬಿಗೆ ಹೋಗ್ತದ. ಬಾಡಿಯ ದೊಡ್ಡ ಕೆಲಸ ಅಂದ್ರ ತಂತಿ ಬಿಗಿ ಹಿಡ್ಕೊಂಡು ಅಲುಗದಂಗ ಇರೋದು. ಲಿಯೋ ಫೆಂಡರ್ ಅಂತ ಕ್ಯಾಲಿಫೋರ್ನಿಯಾದಾಗ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ, ಅವನಿಗೆ ಗಿಟಾರ್ ಬಾರಿಸ್ಲಿಕ್ಕೂ ಬರ್ತಿರಲಿಲ್ಲ, ಅಂವ 1950ರಾಗ ಒಂದು ದಪ್ಪ ಹಲಗಿ ಕೊಯ್ದು ಅದಕ್ಕ ನೆಕ್ (ಬೆರಳ ಓಡಾಡೋ ಉದ್ದನೆ ಕಟ್ಟಿಗಿ) ಸ್ಕ್ರೂ ಹಾಕಿ ಬಿಗಿದು ಮಾರ್ಲಿಕ್ಕೆ ಶುರು ಮಾಡಿದ, ಮುಂದಿನ ವರ್ಷ ಅದಕ್ಕ ಟೆಲಿಕಾಸ್ಟರ್ ಅಂತ ಹೆಸರು ಬಂತು. ಫ್ಯಾಕ್ಟರಿಯಾಗ ಬೇಗ ಬೇಗ ಮಾಡ್ಲಿಕ್ಕೆ ಬರಬೇಕು, ಕೆಟ್ರ ಬಿಚ್ಚಿ ಬ್ಯಾರೆ ಹಾಕ್ಲಿಕ್ಕೆ ಬರಬೇಕು, ಇದು ಅವನ ಲೆಕ್ಕ. ಅದ ಕಾಲದಾಗ ಡ್ಯಾನೆಲೆಕ್ಟ್ರೋ ಕಂಪನಿಯೋರು ಹಾರ್ಡ್‌ಬೋರ್ಡಿನ ಬಾಡಿ ಮಾಡಿ, ಲಿಪ್‌ಸ್ಟಿಕ್ ಡಬ್ಬಿಯೊಳಗ ಪಿಕಪ್ ಕೂಡಿಸಿ ಮಾರಿದ್ರು, ಅಂಥದ್ದೊಂದನ್ನ ಮುಂದ ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಜಿಮ್ಮಿ ಪೇಜ್ ಸ್ಟೇಜಿನ ಮ್ಯಾಲ ಬಾರಿಸಿದ. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಅಂತೂ ಫೆಂಡರ್ ಕೊಳ್ಳೋ ತಾಕತ್ತಿಲ್ಲದ 1963ರಾಗ ಅಪ್ಪನ ಜೋಡಿ ಮನಿಯಾಗ ಗಿಟಾರ್ ಮಾಡ್ಲಿಕ್ಕೆ ಕುಂತ, ಹಳೇ ಒಲಿಗೂಡಿನ ಕಟ್ಟಿಗಿಯಿಂದ ನೆಕ್ಕು, ಹಳೇ ಮೋಟರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್ ಹಾಕಿ ಟ್ರೆಮೊಲೋ (ಹಿಡಿ ಒತ್ತಿ ಸ್ವರ ಅಲುಗಿಸೋ ಸಾಧನ), ಇವತ್ತಿಗೂ ಅಂವ ಅದನ್ನ ಬಾರಿಸ್ತಾನ. ರೊಕ್ಕ ಕಮ್ಮಿ ಇದ್ದೋರು ಚೊಲೋ ನಾದ ತೆಗೆಯೋದು ಈ ವಾದ್ಯದ ಚರಿತ್ರೆಯಾಗ ಹೊಸಾದಲ್ಲ.

ಇನ್ನ ಈಗಿನ ಸಂಗತಿ. ಹಿಂದ ನಮ್ಮ ಕಡೆ ಸಸ್ತಾ ಎಲೆಕ್ಟ್ರಿಕ್ ಅಂದ್ರ ಪ್ಲೈವುಡ್ ಬಾಡಿ, ಬೆರಳ ಕೊರೆಯೋ ಫ್ರೆಟ್ಟು (ನೆಕ್ ಮ್ಯಾಲಿನ ಲೋಹದ ಅಡ್ಡಪಟ್ಟಿ), ಎರಡು ಹಾಡು ಮುಗಿಯೋದ್ರಾಗ ಶ್ರುತಿ ಜಾರೋ ಕಿವಿಗಳು (ತಂತಿ ಬಿಗಿಯೋ ತಿರುಗಣಿ). ಈಗ ಫ್ಯಾಕ್ಟರಿಯಾಗ ನೆಕ್ಕು ಬಾಡಿ ಎಲ್ಲಾ ಕಂಪ್ಯೂಟರ್ ನಡೆಸೋ ಮಷಿನ್ನಿನಾಗ ಕೊಯ್ತಾರ, ಹತ್ತನೇದ್ದು ಹೆಂಗೋ ಸಾವಿರನೇದ್ದೂ ಹಂಗ ಬರ್ತದ. ಕೊರಿಯಾದ ಕಾರ್ಟ್ ಕಂಪನಿದು ಇಂಡೋನೇಷ್ಯಾದಾಗ ದೊಡ್ಡ ಫ್ಯಾಕ್ಟರಿ ಅದ, ಅಲ್ಲಿ ತಮ್ಮ ಹೆಸರಿನ ಗಿಟಾರಷ್ಟ ಅಲ್ಲ, ಬ್ಯಾರೆ ದೊಡ್ಡ ಹೆಸರಿನೋರಿಗೂ ಮಾಡಿ ಕೊಡ್ತಾರ, ಪಿಆರ್‌ಎಸ್ ಎಸ್‌ಇ ಗಿಟಾರು, ಅಂದ್ರ ಅಮೆರಿಕದ ಒಂದು ದೊಡ್ಡ ಕಂಪನಿಯ ಕಮ್ಮಿ ರೇಟಿನ ಸಾಲು, ಹೆಚ್ಚಾಗಿ ಬರೋದು ಅಲ್ಲಿಂದ. ಹಿಂಗಾಗಿ ಹೆಡ್‌ಸ್ಟಾಕ್ (ನೆಕ್ಕಿನ ತಲಿ) ಮ್ಯಾಲಿನ ಹೆಸರು ನೋಡಿ ರೊಕ್ಕ ಕೊಡೋದಕ್ಕಿಂತ ಕೈಯಾಗಿನ ಕಟ್ಟಿಗಿ ನೋಡಿ ಕೊಡೋದು ಚೊಲೋ.

ಕೈಯಾಗಿನ ಕಟ್ಟಿಗಿ ಅಂದ್ರ ನೆಕ್. ನಾನು ಹೇಳಬೇಕಂದಿದ್ದು ಇದೊಂದ ಮಾತು, ಉಳಿದದ್ದೆಲ್ಲ ಇದರ ಸುತ್ತಿನ ವಿವರ. ಪಿಕಪ್ ಬದಲು ಮಾಡಬಹುದು, ಕಿವಿ ಬದಲು ಮಾಡಬಹುದು, ನಟ್ (ನೆಕ್ಕಿನ ತುದಿಯಾಗ ತಂತಿ ಕೂಡೋ ಸಂದಿಪಟ್ಟಿ) ಮುನ್ನೂರು ನಾನೂರು ರೂಪಾಯಿ ಮಾಲು, ವಾಲ್ಯೂಮ್ ತಿರುಗಿಸೋ ಪಾಟ್, ಕೇಬಲ್ ಚುಚ್ಚೋ ಜ್ಯಾಕ್ ಎಲ್ಲಾ ಟಿವಿ ರಿಪೇರಿ ಅಂಗಡಿಯೋರು ಸೋಲ್ಡರ್ ಮಾಡಿ ಕೊಡ್ತಾರ. ನೆಕ್ ತಿರುಚಿದ್ರ, ಫ್ರೆಟ್ ಸವೆದು ಹೋಗಿದ್ರ ಆ ಗಿಟಾರಿನ ರೇಟಿನಷ್ಟ ಖರ್ಚು ಬರ್ತದ. ಎತ್ತು ತೊಗೊಳ್ಳಾಕ ಸಂತಿಗೆ ಹೋದ ರೈತ ಕೋಡಿಗೆ ಹಚ್ಚಿದ ಬಣ್ಣ ನೋಡಂಗಿಲ್ಲ, ಹಲ್ಲು ನೋಡ್ತಾನ, ನಾಕು ಹೆಜ್ಜಿ ನಡಿಸಿ ನೋಡ್ತಾನ, ಗಿಟಾರಿಗೂ ಅದ ಕಣ್ಣು ಬೇಕು.

ಅಳಿಯನ ಗಿಟಾರ್ ಹುಡುಕಿದ್ದು ಹೈದರಾಬಾದಿನಾಗ. ನಮಗ ಬೆಂಗಳೂರು ದೂರ, ಹೈದರಾಬಾದ್ ಹತ್ರ, ದವಾಖಾನಿಗೂ ಬಟ್ಟಿಗೂ ಅಲ್ಲಿಗೆ ಹೋಗೋ ಮಂದಿ ನಾವು. ಅಲ್ಲಿ ಸಾಫ್ಟ್‌ವೇರ್ ಹುಡುಗ್ರು ಹುರುಪಿಲೆ ಹೊಸಾ ಗಿಟಾರ್ ತೊಗೊಂತಾರ, ಕೆಲಸದ ಗದ್ದಲದಾಗ ಅದು ಗ್ವಾಡಿಗೆ ನಿಂತಬಿಡ್ತದ, ಆಮ್ಯಾಲ ಊರು ಬಿಡೋವಾಗ ಅರ್ಧ ರೇಟಿಗೆ ಆನ್‌ಲೈನ್ ಹಾಕ್ತಾರ. ಸೆಕೆಂಡ್ ಹ್ಯಾಂಡ್ ಅಂದ್ರ ನಮ್ಮ ಮಂದಿ ಮೂಗು ಮುರೀತಾರ, ನನ್ನ ಕೇಳಿದ್ರ ಕಮ್ಮಿ ಬಜೆಟ್ಟಿನೋರಿಗೆ ಅದಕ್ಕಿಂತ ದೊಡ್ಡ ದಾರಿ ಇಲ್ಲ, ಮೂವತ್ತು ಸಾವಿರದ ದರ್ಜೆ ಗಿಟಾರ್ ಹದಿಮೂರು ಹದಿನಾಕಕ್ಕ ಬರ್ತದ, ಮ್ಯಾಲಿಂದ ಒಂದೆರಡು ವರ್ಷ ಹಳೇದಾದ ಕಟ್ಟಿಗಿ ಏನೇನು ಹೊರಳಬೇಕೋ ಹೊರಳಿ ನಿಂತಿರ್ತದ, ಕಣ್ಣಿಗೆ ಕಾಣ್ತದ.

ಮೊದಲು ನೋಡಿದ್ದು ಮಿಯಾಪುರದ ಹತ್ರ ಒಂದು ರೂಮಿನಾಗ, ಕಪ್ಪನೇದು, ಚೂಪು ಚೂಪು ಕೋಡಿನ ಬಾಡಿ, ಫ್ಲಾಯ್ಡ್ ರೋಸ್ ಬ್ರಿಡ್ಜು (ಬಾಡಿ ಮ್ಯಾಲ ತಂತಿ ಕೂಡೋ ಭಾಗ). ಅಳಿಯನ ಮುಖ ಅರಳಿಬಿಡ್ತು. ಮಾಮಾ ಇದ ಇರ್ಲಿ ಮಾಮಾ, ಲುಕ್ ನೋಡು ಅಂದ. ನಾನು ಅದನ್ನ ಬಂದೂಕ ಹಿಡಿದಂಗ ಹಿಡ್ಕೊಂಡು ಬಾಡಿ ಕಡೆಯಿಂದ ನೆಕ್ಕಿನ ಅಂಚು ನೋಡಿದೆ, ದಪ್ಪ ತಂತಿ ಕಡೆ ಒಂದು ಬಾಕು, ಸಣ್ಣ ತಂತಿ ಕಡೆ ಇನ್ನೊಂದು, ಅಂದ್ರ ನೆಕ್ ತಿರುಚೇದ. ಮುಂದಕ್ಕ ಬಾಗಿದ್ರ ಚಿಂತಿಲ್ಲ, ಒಳಗಿನ ಟ್ರಸ್ ರಾಡ್ ಅನ್ನೋ ಲೋಹದ ಸರಳು ತಿರುಗಿಸಿ ನೆಟ್ಟಗ ಮಾಡಬಹುದು, ತಿರುಚಿದ್ದಕ್ಕ ಸಸ್ತಾ ಮದ್ದಿಲ್ಲ. ಬ್ಯಾಡಪಾ ನಡಿ ಅಂದೆ. ಅವನಿಗೆ ಸಿಟ್ಟು ಬಂತು, ಬಸ್ ಸ್ಟಾಪಿನ ತನಕ ಮಾತಾಡಲಿಲ್ಲ.

ಫ್ಲಾಯ್ಡ್ ರೋಸ್ ಬಗ್ಗೆ ಇಲ್ಲೆ ಹೇಳಿಬಿಡ್ತೀನಿ, ಕಮ್ಮಿ ಬಜೆಟ್ಟಿನಾಗ ಅದು ಬ್ಯಾಡ್ರಿ. ತಂತಿ ಎರಡೂ ಕಡೆ ಲಾಕ್ ಆಗೋ ಆ ವ್ಯವಸ್ಥೆ ಚೊಲೋ ಲೋಹದಾಗ ಮಾಡಿದ್ರ ಭಾಳ ಭಾರಿ ಮಾಲು, ಸಸ್ತಾದಾಗ ಚೂಪಾಗಿರಬೇಕಾದ ಅಂಚು ಬೇಗ ಸವೀತದ, ಆಮ್ಯಾಲ ಶ್ರುತಿ ನಿಲ್ಲಂಗಿಲ್ಲ, ಒಂದು ತಂತಿ ಹರಿದ್ರ ಉಳಿದ ಐದೂ ಏರ್ತಾವ. ಬಾಡಿಗೆ ಗಟ್ಟಿ ಬಿಗಿದ ಹಾರ್ಡ್‌ಟೇಲ್ ಬ್ರಿಡ್ಜು, ಇಲ್ಲಾ ಸಾದಾ ಟ್ರೆಮೊಲೋ, ಇವೆರಡರಾಗ ಒಂದು ಸಾಕು.

ಆಮ್ಯಾಲ ಕೂಕಟಪಲ್ಲಿಯಾಗ ಸಿಕ್ಕಿದ್ದು ಯಮಾಹಾ ಪೆಸಿಫಿಕಾ 112. ಮಾರೋ ಹುಡುಗ ಪುಣೆಗೆ ಹೊಂಟಿದ್ದ, ಅರ್ಧ ತೆಲುಗು ಅರ್ಧ ಹಿಂದಿಯಾಗ ಮಾತು, ಭಾಳ ಸಮಾಧಾನದ ಹುಡುಗ, ಚಹಾ ಮಾಡಿ ಕೊಟ್ಟು ನಿಧಾನಕ್ಕ ನೋಡ್ರಿ ಅಂದ. ನಿಧಾನಕ್ಕ ನೋಡಿದ್ವಿ. ನೆಕ್ ನೆಟ್ಟಗಿತ್ತು. ಒಂದೊಂದು ತಂತಿಯ ಒಂದೊಂದು ಫ್ರೆಟ್ ಒತ್ತಿ ಬಾರಿಸಿದೆ, ಎಲ್ಲೂ ಕಿರಕಿರ ಇಲ್ಲ, ಹನ್ನೆರಡನೇ ಫ್ರೆಟ್ಟಿನ ಮುಂದ ತಂತಿ ಎಳೆದು ಬೆಂಡ್ ಮಾಡಿದ್ರ ಸ್ವರ ಸಾಯಲಿಲ್ಲ, ಕೆಟ್ಟ ಫ್ರೆಟ್ ಇದ್ರ ಅಲ್ಲೇ ಉಸಿರು ಕಟ್ತದ. ಮೊದಲ ಮೂರು ಫ್ರೆಟ್ ಮ್ಯಾಲ ತಂತಿ ಕೊರೆದ ಗೆರೆ ಇರ್ತಾವ, ಸಣ್ಣ ಗೆರೆ ನಡೀತದ, ಉಗುರು ಕೂಡೋವಷ್ಟು ಆಳ ಇದ್ರ ಬಿಟ್ಟು ಬರ್ರಿ. ಇದರಾಗ ಗೆರೀನ ಇರಲಿಲ್ಲ, ಪಾಪ ಅಂವ ಬಾರಿಸಿರಲೇ ಇಲ್ಲ. ವಾಲ್ಯೂಮ್ ತಿರುಗಿಸಿದ್ರ ಕರ್ ಕರ್ ಅಂತಿತ್ತು, ಅದು ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ್ರ ಹೋಗ್ತದ, ಆದ್ರ ರೇಟು ಇಳಿಸ್ಲಿಕ್ಕೆ ಅದ ಸಾಕಾತು. ಹದಿಮೂರು ಸಾವಿರಕ್ಕ ಮುಗೀತು, ಬ್ಯಾಗ್ ಸಮೇತ.

ಆ ಗಿಟಾರಿನಾಗ ಬ್ರಿಡ್ಜ್ ಕಡೆ ಹಂಬಕರ್, ಅಂದ್ರ ಎರಡು ಕಾಯಿಲ್ಲಿನ (ತಾಮ್ರದ ತಂತಿ ಸುತ್ತಿನ) ಪಿಕಪ್ಪು, ಉಳಿದೆರಡು ಒಂದ ಸುತ್ತಿನ ಸಿಂಗಲ್ ಕಾಯಿಲ್. ನಮ್ಮ ಊರಿಗೆ ಇದ ಬರೋಬ್ಬರಿ ಅಂತೀನಿ, ಯಾಕಂದ್ರ ಸಿಂಗಲ್ ಕಾಯಿಲ್ಲಿನ ನಾದ ತಿಳಿಯಾಗಿ ಇಂಪಾಗಿದ್ರೂ ಅದು ಸುತ್ತಲಿನ ಕರೆಂಟಿನ ಗುಂಯ್ ಗುಡೋದನ್ನೂ ಹಿಡೀತದ. ನಮ್ಮಲ್ಲಿ ಕರೆಂಟು 50 ಹರ್ಟ್ಸಿಂದು, ಬ್ಯಾಸಗಿಯಾಗ ಮನಿಮನಿಯಾಗ ಕೂಲರ್ ಮೋಟರ್ ತಿರುಗ್ತಿರ್ತದ, ಗ್ವಾಡಿ ಮ್ಯಾಲ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಇವೆಲ್ಲಾ ಪಿಕಪ್ಪಿನಾಗ ಬರ್ತಾವ. 1955ರಾಗ ಗಿಬ್ಸನ್ ಕಂಪನಿಯ ಸೇತ್ ಲವರ್ ಅನ್ನೋ ಇಂಜಿನಿಯರ್ ಎರಡು ಕಾಯಿಲ್ ಒಂದಕ್ಕೊಂದು ಉಲ್ಟಾ ಜೋಡಿಸಿ, ಮ್ಯಾಗ್ನೆಟ್ ದಿಕ್ಕೂ ಉಲ್ಟಾ ಇಟ್ಟು ಹಂಬಕರ್ ಮಾಡಿದ, ಹೊರಗಿನ ಗುಂಯ್ ಒಂದಕ್ಕೊಂದು ಹೊಡೆದು ಹೋಗ್ತದ, ತಂತಿಯ ಸ್ವರ ಮಾತ್ರ ಕೂಡ್ತದ. ಅದಕ್ಕ ಭಜನಿಗೆ, ಹಳೇ ಹಾಡಿಗೆ ಸಿಂಗಲ್ ಕಾಯಿಲ್, ಡಿಸ್ಟಾರ್ಷನ್ (ನಾದ ಒರಟು ಮಾಡೋ ಎಫೆಕ್ಟ್) ಹಾಕಿ ಬಾರಿಸೋವಾಗ ಹಂಬಕರ್, ಸ್ವಿಚ್ ತಿರುಗಿಸಿದ್ರ ಆತು. ಅಳಿಯನಿಗೆ ಮೆಟಲ್ ಬೇಕು, ನನಗ ಮೆಲೋಡಿ ಬೇಕು, ಇಬ್ಬರದ್ದೂ ನಡೀತದ.

ಈಗ ನಮ್ಮ ಬಿಸಿಲಿನ ಮಾತು, ಬ್ಯಾರೆ ಊರಿನೋರು ಇದನ್ನ ಹೇಳಂಗಿಲ್ಲ. ರಾಯಚೂರಾಗ ಏಪ್ರಿಲ್ ಮೇ ತಿಂಗಳು 42, 43 ಡಿಗ್ರಿ, ಗಾಳಿಯಾಗ ಪಸಿ ಇರಂಗಿಲ್ಲ. ಕಟ್ಟಿಗಿ ಒಣಗಿ ಅಡ್ಡಕ್ಕ ಸಣ್ಣಾಗ್ತದ, ಫ್ರೆಟ್ಟಿನ ಲೋಹ ಸಣ್ಣಾಗಂಗಿಲ್ಲ, ಹಿಂಗಾಗಿ ಫ್ರೆಟ್ಟಿನ ತುದಿ ನೆಕ್ಕಿನ ಅಂಚಿನಿಂದ ಹೊರಗ ಬಂದು ಕೈ ಕೆರೀತಾವ. ಕರಾವಳಿಯಿಂದ, ಮಳೀ ಊರಿನಿಂದ ಬಂದ ಗಿಟಾರ್ ಇಲ್ಲಿ ಮೊದಲ ಬ್ಯಾಸಗಿ ಕಂಡ್ರ ಇದು ಆಗೋದ. ಆವಾಗ ಗಿಟಾರ್ ಕೆಟ್ಟೋತು ಅಂತ ಮಾರಬ್ಯಾಡ್ರಿ. ನಮ್ಮ ಓಣ್ಯಾಗಿನ ಪತ್ತಾರ ಕಾಕಾ ಬಂಗಾರದ ಕೆಲಸಕ್ಕ ಬಳಸೋ ಸಣ್ಣ ಅರದಿಂದ ತುದಿಗಳನ್ನ ಒಂದೊಂದ ಉಜ್ಜಿ ದುಂಡಗ ಮಾಡಿ ಕೊಟ್ರು, ಕಟ್ಟಿಗಿಗೆ ಟೇಪ್ ಅಂಟಿಸಿ, ಒಂದು ಗೀರೂ ಬೀಳದಂಗ, ಅಂಥಾ ಕೈ ನಾನು ಯಾವ ಗಿಟಾರ್ ಅಂಗಡ್ಯಾಗೂ ನೋಡಿಲ್ಲ. ರೊಕ್ಕ ತೊಗೊಳ್ಳಲಿಲ್ಲ, ಒಂದು ಹಾಡು ಬಾರಿಸು ಅಂದ್ರು, ಬಾರಿಸಿದೆ.

ಇನ್ನ ಫ್ರೆಟ್‌ಬೋರ್ಡಿನ ಕಟ್ಟಿಗಿ. ನೆಕ್ಕಿನ ಮ್ಯಾಲ ಫ್ರೆಟ್ ಕೂಡೋ ಈ ಹಲಗಿ ಮೊದಲ ಹೆಚ್ಚಾಗಿ ಬೀಟೆ ಮರದ್ದು ಇರ್ತಿತ್ತು, 2017ರಾಗ ಬೀಟೆ ಜಾತಿ ಮರಗಳ ವ್ಯಾಪಾರಕ್ಕ ಅಂತರರಾಷ್ಟ್ರೀಯ ಕಟ್ಟಳೆ ಬಂದ ಮ್ಯಾಲ ಕಂಪನಿಯೋರು ಬ್ಯಾರೆ ಕಟ್ಟಿಗಿ ಹುಡುಕಿದ್ರು, 2019ರಾಗ ತಯಾರಾದ ವಾದ್ಯಗಳಿಗೆ ವಿನಾಯ್ತಿ ಕೊಟ್ರು ಖರೆ, ಆದ್ರ ಸಸ್ತಾ ಗಿಟಾರಿನಾಗ ಹೊಸಾ ಕಟ್ಟಿಗಿನ ಉಳೀತು. ಫೆಂಡರ್ ಕಂಪನಿಯದ ಕಮ್ಮಿ ರೇಟಿನ ಸ್ಕ್ವಯರ್ ಗಿಟಾರಿನ ವಿವರದಾಗ ಇಂಡಿಯನ್ ಲಾರೆಲ್ ಅಂತ ಬರೆದಿರ್ತಾರಲ್ಲ, ಅದು ನಮ್ಮ ಕರಿಮತ್ತಿ ಮರ. ಬೀಟೆ ಇಲ್ಲ ಅಂತ ಬ್ಯಾಸರ ಮಾಡ್ಕೊಬ್ಯಾಡ್ರಿ, ಮತ್ತಿ ಗಟ್ಟಿ ಕಟ್ಟಿಗಿ. ತಂತಿ ಬದಲು ಮಾಡೋವಾಗ ಒಮ್ಮೊಮ್ಮೆ ನಾಕು ಹನಿ ಮಿನರಲ್ ಆಯಿಲ್ ಹಚ್ಚಿ ಒರೆಸಿಬಿಡ್ರಿ, ಬ್ಯಾಸಗಿ ತಡೀತದ. ಮೇಪಲ್ ಬೋರ್ಡಿಗೆ ಮ್ಯಾಲ ವಾರ್ನಿಷ್ ಇರ್ತದ, ಅದಕ್ಕ ಎಣ್ಣಿ ಬ್ಯಾಡ. ಮತ್ತ ಗಿಟಾರ್ ಕೂಲರ್ ಮುಂದ ನಿಲ್ಲಿಸಬ್ಯಾಡ್ರಿ, ಹಗಲೆಲ್ಲಾ ಹಸಿ ಗಾಳಿ, ಬಂದ್ ಮಾಡಿದ ಕೂಡ್ಲೆ ಒಣ ಗಾಳಿ, ಕಟ್ಟಿಗಿ ದಿನಾ ಉಬ್ಬಿ ಇಳಿದು ದಣೀತದ, ತಂತಿಗೆ ತುಕ್ಕು ಹಿಡೀತದ. ಬ್ಯಾಗಿನಾಗ ಹಾಕಿ ಒಳಗಿನ ಕೋಣ್ಯಾಗ, ಮಾಳಗಿಯ ಕಾವು ತಟ್ಟದ ಗ್ವಾಡಿ ಕಡೆ ಇಡ್ರಿ.

ಗಿಟಾರ್ ತಂದ ಮ್ಯಾಲ ಸೆಟಪ್. ಇಲ್ಲಿ ಅರ್ಧ ಮಂದಿ ಸೋಲ್ತಾರ. ಡಬ್ಬಿಯಿಂದ ತೆಗೆದ ಗಿಟಾರಿನ ತಂತಿ ಎತ್ತರ ಇರ್ತಾವ, ಒತ್ತಿ ಒತ್ತಿ ಬೆರಳ ನೋಯ್ತಾವ, ಗಿಟಾರ್ ಸರಿ ಇಲ್ಲ ಅಂತಾರ. ಹೊಸಾ ತಂತಿ ಹಾಕ್ರಿ, 9 ರಿಂದ 42 ಗೇಜು (ತಂತಿಯ ದಪ್ಪದ ಅಳತಿ), ಐನೂರು ಆರುನೂರು ರೂಪಾಯಿ ಆಸುಪಾಸು ಚೊಲೋ ಸೆಟ್ ಬರ್ತದ. ಮೊದಲ ಫ್ರೆಟ್ಟಿಗೆ ಕೇಪೋ (ಎಲ್ಲಾ ತಂತಿ ಒತ್ತಿ ಹಿಡಿಯೋ ಚಿಮಟಾ) ಹಾಕಿ ದಪ್ಪ ತಂತಿಯ ಕೊನೀ ಫ್ರೆಟ್ ಒತ್ತಿ ಹಿಡೀರಿ, ಏಳೆಂಟನೇ ಫ್ರೆಟ್ ಹತ್ರ ತಂತಿ ಕೆಳಗ ಕಾಲು ಮಿಲಿಮೀಟರ್ ಸಂದಿ ಇರಬೇಕು, ಒಂದು ವಿಸಿಟಿಂಗ್ ಕಾರ್ಡ್ ಹಿಡಿಯೋವಷ್ಟು. ಜಾಸ್ತಿ ಇದ್ರ ಟ್ರಸ್ ರಾಡ್ ಬಲಕ್ಕ ಕಾಲು ಸುತ್ತು, ಅಷ್ಟ, ಒಂದು ರಾತ್ರಿ ಬಿಟ್ಟು ಮತ್ತ ನೋಡ್ರಿ. ತಿರುಗಲಿಲ್ಲಾಂದ್ರ ಜೋರು ಮಾಡಬ್ಯಾಡ್ರಿ, ರಾಡ್ ಮುರಿದ್ರ ನೆಕ್ ಹೋತು. ಆಮ್ಯಾಲ ಬ್ರಿಡ್ಜಿನ ಸ್ಯಾಡಲ್ (ತಂತಿ ಕೂಡೋ ಸಣ್ಣ ತುಂಡು) ಇಳಿಸಿ ಹನ್ನೆರಡನೇ ಫ್ರೆಟ್ ಮ್ಯಾಲ ದಪ್ಪ ತಂತಿ 2 ಮಿಲಿಮೀಟರ್, ಸಣ್ಣ ತಂತಿ 1.6 ಹತ್ರ ತರ್ರಿ. ಕೊನೀಗೆ ಇಂಟೊನೇಷನ್, ಅಂದ್ರ ಎಲ್ಲಾ ಫ್ರೆಟ್ಟಿನಾಗೂ ಶ್ರುತಿ ಕೂಡೋದು, ಹನ್ನೆರಡನೇ ಫ್ರೆಟ್ ಮ್ಯಾಲ ಹಾರ್ಮೋನಿಕ್ (ತಂತಿ ಒತ್ತದ ಹಗೂರ ಮುಟ್ಟಿ ಬಾರಿಸೋ ಸ್ವರ) ತೆಗೆದು ಅದ ಫ್ರೆಟ್ ಒತ್ತಿ ಬಾರಿಸಿ ಟ್ಯೂನರ್ ನೋಡ್ರಿ, ಒತ್ತಿದ ಸ್ವರ ಏರಿದ್ರ ಸ್ಯಾಡಲ್ ಹಿಂದಕ್ಕ, ಇಳಿದ್ರ ಮುಂದಕ್ಕ. ಟ್ಯೂನ್ ಮಾಡೋವಾಗ ಟಿಂಗ್ ಅಂತ ಸಪ್ಪಳ ಬಂದು ಶ್ರುತಿ ಒಮ್ಮೆಲೆ ಜಿಗಿದ್ರ ತಂತಿ ನಟ್ಟಿನಾಗ ಸಿಕ್ಕೊಂಡದ ಅಂತ ಅರ್ಥ, ಪೆನ್ಸಿಲ್ ಪುಡಿ ಆ ಸಂದಿಯಾಗ ಹಚ್ಚಿದ್ರ ಜಾರ್ತದ. ಹೈದರಾಬಾದಿನಾಗ ಇದಕ್ಕೆಲ್ಲಾ ಒಂದೂವರೆ ಸಾವಿರ ಕೇಳಿದ್ರು, ಕೊಡೋದೂ ತಪ್ಪಲ್ಲ, ಆದ್ರ ಋತು ಬದಲಾದಂಗ ನೆಕ್ ಹೊರಳ್ತಿರ್ತದ, ಕಲ್ತುಬಿಟ್ರ ನಿಮ್ಮ ಕೈಯಾಗ ಇರ್ತದ.

ಈ ಸೆಟಪ್ ಆದ ಮ್ಯಾಲ ಗಿಟಾರ್ ಬ್ಯಾರೇನ ಆಗಿಬಿಡ್ತದ ನೋಡ್ರಿ. ನಮ್ಮ ಹಾಡಿಗೆ ಗಮಕ ಬೇಕು, ಮೀಂಡ್ ಬೇಕು, ತಂತಿ ಎಳೆದ್ರ ಸ್ವರ ಬೆಣ್ಣಿ ಜಾರಿದಂಗ ಹೋಗಬೇಕು. ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದ್ರು, ಜೋಡಿ ತಂತಿ ತೆಗೆದು ಐದು ಒಂಟಿ ತಂತಿ ಹಾಕ್ಕೊಂಡ್ರು. ನಾನು ಸಂಜೀಗೆ ಕ್ಲೀನ್ ಟೋನ್ ಇಟ್ಟು ದಾಸರ ಪದ ಬಾರಿಸ್ತೀನಿ, ಮಾನ್ವಿ ನೆಲದ ಪದಗಳು, ಅಕೌಸ್ಟಿಕ್ಕಿನಾಗ ಆ ಎಳೆತ ನನಗ ಎಂದೂ ಸಿಕ್ಕಿದ್ದಿಲ್ಲ.

ಆಂಪಿಗೆ ರೊಕ್ಕ ಉಳಿಸ್ಕೊರ್ರಿ, ಗಿಟಾರಿಗೇ ಎಲ್ಲಾ ಸುರೀಬ್ಯಾಡ್ರಿ. ಇಪ್ಪತ್ತು ಇದ್ರ ಹದಿಮೂರು ಹದಿನಾಕು ಗಿಟಾರಿಗೆ, ಉಳಿದದ್ದು ಸಣ್ಣ ಪ್ರ್ಯಾಕ್ಟೀಸ್ ಆಂಪು, ಕೇಬಲ್, ತಂತಿಗೆ. ಮನಿಯಾಗ ಲ್ಯಾಪ್‌ಟಾಪ್ ಇದ್ರ ಆಂಪ್ ಬದಲು ಗಿಟಾರ್ ಕಂಪ್ಯೂಟರಿಗೆ ಕೂಡಿಸೋ ಆಡಿಯೋ ಇಂಟರ್‌ಫೇಸ್ ತೊಗೊರ್ರಿ, ನ್ಯೂರಲ್ ಆಂಪ್ ಮಾಡೆಲರ್ ಅಂತ ಪುಗಸಟ್ಟೆ ಸಾಫ್ಟ್‌ವೇರ್ ಅದ, ದೊಡ್ಡ ದೊಡ್ಡ ಆಂಪಿನ ನಾದ ಹೆಡ್‌ಫೋನಿನಾಗ ಬರ್ತದ, ಪರೀಕ್ಷೆಗೆ ಓದೋ ತಂಗಿಗೂ ತ್ರಾಸಿಲ್ಲ.

ಅರ್ಥಿಂಗ್ ಮಾತ್ರ ಮರೀಬ್ಯಾಡ್ರಿ. ಗಿಟಾರಿನ ತಂತಿ ಆಂಪಿನ ಗ್ರೌಂಡಿಗೆ ಕೂಡಿರ್ತದ, ತಂತಿ ಮುಟ್ಟಿದ್ರ ಗುಂಯ್ ಕಮ್ಮಿ ಆಗೋದು ಅದಕ್ಕ, ಅದರಾಗ ತಪ್ಪಿಲ್ಲ. ಆದ್ರ ತಂತಿ ಹಿಡ್ಕೊಂಡು ಮೈಕಿಗೆ ತುಟಿ ತಾಗಿದ ಕೂಡ್ಲೆ ಚುರ್ ಅಂದ್ರ ಅಲ್ಲೇ ನಿಲ್ಲಿಸ್ರಿ, ಅದು ಜೀವದ ಪ್ರಶ್ನೆ. ಹಳೇ ಮನಿಗಳಾಗ ಮೂರನೇ ಪಿನ್ನಿನ ತೂತು ಇರ್ತದ, ಹಿಂದ ವಾಯರ್ ಇರಂಗಿಲ್ಲ. ಗಣಪತಿ ಪೆಂಡಾಲಿನಾಗ ಜನರೇಟರ್ ಮ್ಯಾಲ ನಡೆಯೋವಾಗ ಇನ್ನೂ ಹುಷಾರ್. ಎಲೆಕ್ಟ್ರಿಷಿಯನ್ನಿಗೆ ಕರೆದು ಅರ್ಥಿಂಗ್ ಚೆಕ್ ಮಾಡ್ಸಿದ ಮ್ಯಾಲನ ಆಂಪ್ ಹಚ್ರಿ, ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ ಮಾಡೋರ ಮಾತು ಕೇಳಬ್ಯಾಡ್ರಿ.

ಸೆಕೆಂಡ್ ಹ್ಯಾಂಡ್ ಬ್ಯಾಡ, ಹೊಸಾದ ಬೇಕು ಅನ್ನೋರಿಗೆ, ಯಮಾಹಾ ಪೆಸಿಫಿಕಾ 012, ಸ್ಕ್ವಯರ್ ಸೋನಿಕ್, ಐಬನೀಜ್ ಜಿಯೋ, ಕಾರ್ಟ್ ಜಿ ಸೀರೀಸ್, ಈ ನಾಕರಾಗ ಕೈಗೆ ಯಾವುದು ಕೂಡ್ತದೋ ಅದು. ಸೋನಿಕ್ಕಿನಾಗ ಹಾರ್ಡ್‌ಟೇಲ್ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್ ಆಕಾರದ್ದು) ಬರ್ತದ, ಮೊದಲ ಗಿಟಾರಿಗೆ ನನಗ ಭಾಳ ಮನಸಿಗೆ ಬಂದದ್ದು ಅದು. ಆನ್‌ಲೈನ್ ತರಿಸಿದ್ರ ವಾಪಸ್ ಕೊಡೋ ದಿನ ಮುಗಿಯೋದ್ರೊಳಗ ನೆಕ್ ನೋಡ್ರಿ, ಎಲ್ಲಾ ಫ್ರೆಟ್ ಬಾರಿಸ್ರಿ, ಡಬ್ಬಿ ಬಿಚ್ಚೋವಾಗ ವಿಡಿಯೋ ಮಾಡಿ ಇಟ್ಕೊರ್ರಿ. ಗಿಟಾರ್, ಆಂಪು, ಬೆಲ್ಟು, ಪುಸ್ತಕ ಎಲ್ಲಾ ಸೇರಿ ಏಳೆಂಟು ಸಾವಿರಕ್ಕ ಅಂತ ಬರೋ ಕಾಂಬೊ ತೊಗೋಬ್ಯಾಡ್ರಿ, ಆ ರೊಕ್ಕ ಕೂಡಿಟ್ಟು ಇನ್ನೊಂದು ನಾಕು ತಿಂಗಳು ತಡೀರಿ.

ಅಳಿಯ ಈಗ ಪೆಸಿಫಿಕಾದ ನೆಕ್ ಕಡೆ ಪಿಕಪ್ ಬದಲು ಮಾಡ್ಬೇಕಂತ ಹಠ ಹಿಡಿದಾನ, ಕಾಲೇಜಿನ ರಜಾದಾಗ ಟ್ಯೂಷನ್ ಹೇಳಿ ರೊಕ್ಕ ಕೂಡಿಸ್ಯಾನ. ಪಿಕಪ್ ಹೊತ್ತು ತರೋದು ಅವನ ಕೆಲಸ, ಸೋಲ್ಡರಿಂಗ್ ನನ್ನ ಕೆಲಸ ಅಂತ ಮಾತಾಗೇದ. ರಾಯಚೂರು, ಮಾನ್ವಿ, ಸಿಂಧನೂರು ಕಡೆಯೋರು ಯಾರಾದ್ರೂ ಗಿಟಾರ್ ತೊಗೊಳ್ಳೋ ವಿಚಾರದಾಗ ಇದ್ರ ರೊಕ್ಕ ಕೊಡೋಕ್ಕಿಂತ ಮೊದಲು ನೆಕ್ಕಿನ ಅಂಚಿನ ಫೋಟೋ ಎರಡೂ ಕಡೆಯಿಂದ ತೆಗೆದು ಕಳಸ್ರಿ, ನೋಡಿ ಹೇಳ್ತೀನಿ.